ನಿಮ್ಮ ಬೆಕ್ಕಿಗೆ ಪಕ್ಕದ ಮನೆಯಲ್ಲಿ ಬೇರೆ ಹೆಸರಿದೆಯೇ?

ದೆಹಲಿಯ ಪೀತಮ್‌ಪುರದಲ್ಲಿ ಒತ್ತಾಗಿ ನಿಂತ ಮನೆಗಳ ನಡುವೆ ಓಡಾಡಲು ಬೆಕ್ಕಿಗೆ ಬಾಗಿಲು ಬೇಕಿಲ್ಲ, ತಾರಸಿ ಸಾಕು. ನಿಮ್ಮಲ್ಲಿ ಉಂಡು ಮೂರನೇ ಮನೆಯಲ್ಲಿ ಹಸಿದಂತೆ ಕೂಗಬಲ್ಲದು. 2013ರಲ್ಲಿ ಬಿಬಿಸಿ, ಇಂಗ್ಲೆಂಡ್‌ನ ಶಾಮ್ಲಿ ಗ್ರೀನ್ ಹಳ್ಳಿಯ 50 ಬೆಕ್ಕುಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿಸಿದಾಗ ಕೆಲವು ನೆರೆಮನೆಗೆ ನುಗ್ಗಿ ಅಲ್ಲಿನ ಬೆಕ್ಕಿನ ಊಟ ತಿಂದಿದ್ದವು.

ದ್ರೋಹವೇನಲ್ಲ, ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವೇ ತಿನ್ನುವುದು ಅದರ ಸ್ವಭಾವ. ತೊಂದರೆಯಾಗುವುದು ಕಾಯಿಲೆ ಬಿದ್ದಾಗ. ಊಟ ಬಿಟ್ಟರೂ ‘ಬೇರೆಲ್ಲೋ ತಿಂದಿರಬೇಕು’ ಎಂದು ಎಲ್ಲರೂ ಸುಮ್ಮನಿರುತ್ತಾರೆ. ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ.

ಹಾಗಾಗಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವ ಕೊರಳಪಟ್ಟಿಗೆ ಒಂದು ಚೀಟಿ ಕಟ್ಟಿ: ‘ಇದು ನಿಮ್ಮಲ್ಲೂ ಊಟ ಮಾಡುತ್ತದೆಯೇ?’ ಜೊತೆಗೆ ಫೋನ್ ನಂಬರ್ ಇರಲಿ. ಪೀತಮ್‌ಪುರದಲ್ಲಾದರೆ ಹಿಂದಿಯಲ್ಲೇ ಬರೆಯಿರಿ.