ಗಾಲಿಯ ಭಾರ, ಗಾಡಿಯ ಓಟ

ಇಂದಿನ ದಿನಮಾನಗಳಲ್ಲಿ ಕಾರು ಸಿರಿವಂತರ ಮನೆಯ ಸೊತ್ತಾಗಿ ಮಾತ್ರ ಉಳಿದಿಲ್ಲ. ಮಕ್ಕಳು ನೌಕರಿಗೆ ಸೇರಿದ ಒಂದೆರಡು ವರ್ಷಗಳಲ್ಲಿಯೇ ಸಾಲ ಮಾಡಿಯಾದರೂ ಸಣ್ಣದೊಂದು ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ. ಕಾರು ಬಂದ ಕೆಲವು ತಿಂಗಳುಗಳಲ್ಲಿ ಅದನ್ನು ಸಿಂಗರಿಸುವ ಹಂಬಲ ಮೊಳೆಯುತ್ತದೆ. ಆ ಸಿಂಗಾರದಲ್ಲಿ ಮೊದಲ ಸ್ಥಾನ ಗಾಲಿಗಳಿಗೆ. ಕಾರಿನೊಡನೆ ಬಂದ ಉಕ್ಕಿನ ಗಾಲಿಗಳನ್ನು ಕಳಚಿ, ಥಳಥಳಿಸುವ ದೊಡ್ಡ ಅಲಾಯ್ ಗಾಲಿಗಳನ್ನೂ ಅಗಲವಾದ ಟೈರುಗಳನ್ನೂ ತೊಡಿಸುವುದು ತರುಣರಿಗೆ ಒಂದು ಸಂಭ್ರಮವೇ ಆಗಿದೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಕಿರಿಯ ಮಗನು 14 ಇಂಚಿನ ಗಾಲಿಗಳನ್ನು ತೆಗೆಸಿ 16 ಇಂಚಿನವುಗಳನ್ನು ಹಾಕಿಸಿಕೊಂಡು ಬಂದನು. ನೋಡುವುದಕ್ಕೆ ಚೆಂದವೇನೋ ಹೌದು. ಆದರೆ ಮುಂದಿನ ವಾರವೇ ಬಂಧುಗಳ ಮದುವೆಗೆಂದು ನಾವು ಐವರು ಹೊರಟಾಗ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಡ್ಡವಾಯಿತು. ಎದುರಿಗೆ ದೂರದಲ್ಲಿ ಬಸ್ಸು ಬರುತ್ತಿತ್ತು. ಹಿಂದೆ ಎಷ್ಟೋ ಸಲ ಇಂಥ ಅಂತರದಲ್ಲಿ ಸಲೀಸಾಗಿ ಮುಂದೆ ಸಾಗಿದ್ದ ಮಗನು ಈ ಸಲವೂ ಹೊರಟನು. ಅರ್ಧದಲ್ಲಿಯೇ ಅಳುಕಿ, ಬ್ರೇಕು ಒತ್ತಿ, ಮತ್ತೆ ಟ್ರ್ಯಾಕ್ಟರಿನ ಹಿಂದೆ ಸೇರಿಕೊಂಡನು. ಹಿಂದಿನ ಆಸನದಿಂದ ಅವನ ತಾಯಿ, "ಇದೇನೋ ತಮ್ಮಾ, ಗಾಡಿ ಮೊದಲಿನಂಗ ಜಗ್ಗವಲ್ದಲ್ಲೋ" ಎಂದರು. ಯಾರೂ ಉತ್ತರಿಸಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಿಸಿದೆವು. ಅಂಗಡಿಯವರು "ಅಲಾಯ್ ಎಂದರೆ ಹಗುರ, ಗಾಡಿ ಇನ್ನೂ ಚುರುಕಾಗುತ್ತದೆ" ಎಂದಿದ್ದರಂತೆ. ಮಗನ ಗೆಳೆಯನೊಬ್ಬ ಇದಕ್ಕೆ ತದ್ವಿರುದ್ಧವಾಗಿ, "ಗಾಲಿಯಲ್ಲಿ ಒಂದು ಕಿಲೋ ಹೆಚ್ಚಾದರೆ ಕಾರಿನಲ್ಲಿ ಹತ್ತು ಕಿಲೋ ಹೇರಿದಂತೆ" ಎಂದು ಹೇಳಿದನಂತೆ. ಶಾಲೆಯಲ್ಲಿ ಬಹುಕಾಲ ಭೌತವಿಜ್ಞಾನ ಬೋಧಿಸಿದ ನಮಗೆ ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಬೇಕೆನಿಸಿತು.

ಬೀಸುವ ಕಲ್ಲು ಕಲಿಸುವ ಪಾಠ

ಹಿರಿಯ ತಾಯಂದಿರು ಬೀಸುವ ಕಲ್ಲನ್ನು ಬಲ್ಲರು. ಕಾಳು ಹಾಕದ ಬರಿಯ ಕಲ್ಲನ್ನೇ ಗೂಟ ಹಿಡಿದು ತಿರುಗಿಸಹೋದರೂ ಮೊದಲ ಸುತ್ತಿಗೆ ರಟ್ಟೆಯ ಬಲ ಬೇಕು. ಒಮ್ಮೆ ವೇಗ ಬಂದ ಮೇಲೆ ಕೈ ಹಗುರಾಗುತ್ತದೆ. ನಿಂತದ್ದನ್ನು ತಿರುಗಿಸುವುದಕ್ಕೂ, ತಿರುಗುವುದನ್ನು ಇನ್ನೂ ಬೇಗ ತಿರುಗಿಸುವುದಕ್ಕೂ ಹೆಚ್ಚಿನ ಶಕ್ತಿ ಬೇಕೆಂಬುದು ಇದರ ತಾತ್ಪರ್ಯ.

ಕಾರಿನೊಳಗೆ ಕುಳಿತ ಮನುಷ್ಯನೂ ಡಿಕ್ಕಿಯಲ್ಲಿಟ್ಟ ಅಕ್ಕಿಯ ಚೀಲವೂ ಕೇವಲ ಮುಂದಕ್ಕೆ ಸಾಗುತ್ತವೆ. ಗಾಲಿಯಾದರೋ ಮುಂದಕ್ಕೆ ಸಾಗುವುದರ ಜೊತೆಗೆ ತನ್ನ ಸುತ್ತ ತಾನೂ ತಿರುಗುತ್ತದೆ. ಕಾರಿನ ವೇಗ ಹೆಚ್ಚಿಸುವಾಗ ಎಂಜಿನ್ನು ಗಾಲಿಗೆ ಈ ಎರಡೂ ಚಲನೆಗಳನ್ನು ಒದಗಿಸಬೇಕಾಗುತ್ತದೆ. ಆದುದರಿಂದ ಗಾಲಿಯ ಒಂದು ಕಿಲೋ, ಚೀಲದ ಒಂದು ಕಿಲೋಗಿಂತ ಹೆಚ್ಚು ಭಾರವಾಗಿ ತೋರುವುದು ನಿಜ. ಪ್ರಶ್ನೆ ಇರುವುದು ಎಷ್ಟು ಪಟ್ಟು ಎಂಬುದರಲ್ಲಿ.

ಎರಡು ಪಟ್ಟಿನ ಗೆರೆ

ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ, ಟೈರಿನ ಹೊರಮೈ ಗಾಲಿಯ ನಡುವಿನ ಸುತ್ತ ಅದೇ 60 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಅಂದರೆ ಹೊರಮೈಯಲ್ಲಿರುವ ರಬ್ಬರಿಗೆ ಮುಂದಕ್ಕೆ ಸಾಗಲು ಎಷ್ಟು ಶಕ್ತಿ ಬೇಕೋ ತಿರುಗಲೂ ಅಷ್ಟೇ ಬೇಕು. ಅಲ್ಲಿಗೆ ಒಂದು ಕಿಲೋ ಎರಡು ಕಿಲೋಗೆ ಸಮವಾಯಿತು. ಗಾಲಿಯಲ್ಲಿ ಇದಕ್ಕಿಂತ ಹೊರಗಿನ ಭಾಗವೇ ಇಲ್ಲವಾದ ಕಾರಣ ಎರಡು ಪಟ್ಟೆಂಬುದೇ ಕಡೆಯ ಗೆರೆ. ಒಳಕ್ಕೆ ಬಂದಂತೆ ಈ ಹೆಚ್ಚಳ ಬೇಗನೆ ಇಳಿಯುತ್ತದೆ. ನಡುವಿಗೂ ಹೊರಮೈಗೂ ಸರಿಮಧ್ಯದಲ್ಲಿರುವ ಒಂದು ಕಿಲೋ, ಒಂದೂಕಾಲು ಕಿಲೋಗೆ ಮಾತ್ರ ಸಮ. ನಟ್ಟು ಬಿಗಿಯುವ ನಡುಭಾಗದಲ್ಲಂತೂ ಒಂದು ಕಿಲೋ ಬಹುಮಟ್ಟಿಗೆ ಒಂದೇ ಕಿಲೋ.

ಹಾಗಾದರೆ ಹತ್ತು ಪಟ್ಟೆಂಬ ಮಾತು ಗಾಲಿಯ ಮಟ್ಟಿಗೆ ಸತ್ಯವಲ್ಲ. ಎಂಜಿನ್ನಿನ ಫ್ಲೈವ್ಹೀಲಿನ ವಿಷಯ ಬೇರೆ. ಕೆಳಗಿನ ಗೇರುಗಳಲ್ಲಿ ಅದು ಗಾಲಿಗಿಂತ ಹಲವು ಪಟ್ಟು ಬೇಗ ತಿರುಗುವುದರಿಂದ ಅದರ ಭಾರ ಬಹಳ ದೊಡ್ಡದಾಗಿ ತೋರುತ್ತದೆ. ಅದರ ಲೆಕ್ಕವನ್ನು ಗಾಲಿಗೆ ಹಚ್ಚಲಾಗದು.

ಇದನ್ನು ಮಕ್ಕಳಿಗೆ ಮನೆಯಲ್ಲಿಯೇ ತೋರಿಸಬಹುದು. ದುಂಡನೆಯ ಗಟ್ಟಿ ಕಟ್ಟಿಗೆಯ ತುಂಡೊಂದನ್ನೂ ಅಷ್ಟೇ ದಪ್ಪದ ಪೊಳ್ಳು ಕೊಳವೆಯ ತುಂಡೊಂದನ್ನೂ ಓರೆಯಾಗಿಟ್ಟ ಹಲಗೆಯ ಮೇಲಿಂದ ಒಟ್ಟಿಗೆ ಉರುಳಬಿಡಿರಿ. ಕೊಳವೆ ಎಷ್ಟೇ ಹಗುರವಿರಲಿ, ಗಟ್ಟಿ ತುಂಡೇ ಮೊದಲು ನೆಲ ಮುಟ್ಟುತ್ತದೆ. ಕೊಳವೆಯ ಭಾರವೆಲ್ಲ ಅಂಚಿನಲ್ಲಿದೆ. ತುಂಡಿನ ಭಾರ ಒಳಗೂ ಹರಡಿದೆ. ಭಾರ ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯವೆಂದು ಮಕ್ಕಳು ಕಣ್ಣಾರೆ ಕಾಣುವರು.

ತೂಕದ ಯಂತ್ರ ಹೇಳಿದ ಸತ್ಯ

ಮರುದಿನ ಹಳೆಯ ಗಾಲಿಯೊಂದನ್ನೂ ಹೊಸ ಗಾಲಿಯೊಂದನ್ನೂ ಟೈರು ಸಹಿತ ನೆರೆಯ ಕಾಳಿನ ಅಂಗಡಿಗೆ ಒಯ್ದು ತೂಗಿಸಿದೆವು. ಹಳೆಯದು 14 ಕಿಲೋ. "ಹಗುರ"ವಾದ ಹೊಸದು 18 ಕಿಲೋ! ಮಗನು ಎರಡು ಸಲ ತೂಗಿಸಿದನು.

ಇದರಲ್ಲಿ ಆಶ್ಚರ್ಯವಿಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟೇ ಭಾರದ ಲೋಹವೆಂಬುದು ನಿಜ. ಆದರೆ ಎರಕ ಹೊಯ್ದ ಗಾಲಿಗೆ ಸಾಕಷ್ಟು ಬಲ ಬರಬೇಕಾದರೆ ಅದನ್ನು ದಪ್ಪವಾಗಿ ಮಾಡಬೇಕಾಗುತ್ತದೆ. ಅಳತೆ ಒಂದೇ ಇದ್ದಾಗ ಅಲಾಯ್ ಗಾಲಿ ಉಕ್ಕಿನದಕ್ಕಿಂತ ತುಸು ಹಗುರವಿರಬಹುದು, ಸಮವೂ ಇರಬಹುದು. 14 ಇಂಚಿನಿಂದ 16ಕ್ಕೆ ಏರಿದರೆ ಆ ಲಾಭವೂ ಕರಗುತ್ತದೆ. ಮೇಲಾಗಿ ಲೋಹವೆಲ್ಲ ನಡುವಿನಿಂದ ದೂರ ಸರಿದು ಅಂಚಿಗೆ ಹೋಗುತ್ತದೆ.

ಹಗುರ ಗಾಲಿಯ ಹಂಬಲ ಹೊಸದಲ್ಲ. 1924ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಲಿಯಾನ್ ನಗರದ ಬಳಿ ನಡೆದ ಗ್ರ್ಯಾಂಡ್ ಪ್ರಿ ಪಂದ್ಯಕ್ಕೆ ಎತ್ತೊರೆ ಬುಗಾಟಿಯವರು ತಮ್ಮ ಟೈಪ್ 35 ಕಾರುಗಳನ್ನು ಎರಕದ ಅಲ್ಯೂಮಿನಿಯಂ ಗಾಲಿಗಳೊಡನೆ ಇಳಿಸಿದ್ದರು. ಆದರೆ ಅಂದು ಆ ಕಾರುಗಳನ್ನು ಕಾಡಿದ್ದು ಟೈರುಗಳು. ಹೊರಪದರ ಕಿತ್ತುಬಂದು ಕಾರುಗಳು ಹಿಂದುಳಿದವು. ಗೆಲುವು ಆಲ್ಫಾ ರೋಮಿಯೋದ ಪಾಲಾಯಿತು. ಗಾಲಿ ಎಷ್ಟು ಉತ್ತಮವಿದ್ದರೂ ಟೈರು ಕೈಕೊಟ್ಟರೆ ಓಟ ಮುಗಿದಂತೆಯೇ.

ಲೆಕ್ಕ ಹಾಕಿ ನೋಡೋಣ

ನಮ್ಮಲ್ಲಿ ಗಾಲಿಗೆ 4 ಕಿಲೋ ಏರಿತು. ನಾಲ್ಕು ಗಾಲಿಗಳಿಗೆ 16 ಕಿಲೋ. ತಿರುಗುವ ಲೆಕ್ಕ ಸೇರಿಸಿದರೆ ಇದು 27 ಕಿಲೋ ಆದೀತು. ಎಷ್ಟೇ ಎಳೆದರೂ 32 ದಾಟದು. ಕಾರು ಮತ್ತು ಪ್ರಯಾಣಿಕರ ಒಟ್ಟು ಭಾರ 1200 ಕಿಲೋ ಎಂದಿಟ್ಟುಕೊಂಡರೆ ಇದು ನೂರಕ್ಕೆ ಸುಮಾರು ಎರಡೂವರೆ ಭಾಗ. ಹತ್ತು ವರ್ಷದ ಮಗುವೊಂದನ್ನು ಹೆಚ್ಚಿಗೆ ಕೂರಿಸಿಕೊಂಡಷ್ಟು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ತಲುಪಲು 13 ಸೆಕೆಂಡು ತೆಗೆದುಕೊಳ್ಳುವ ಕಾರು, ಇಷ್ಟರಿಂದ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡ ಮಾಡೀತು. ಇಷ್ಟು ಸಣ್ಣ ವ್ಯತ್ಯಾಸವೇ ಮಗನ ತಾಯಿಯ ಗಮನಕ್ಕೆ ಬಂದಿತೇ? ನಮಗೆ ಸಂದೇಹ ಉಳಿಯಿತು. ಆಗ ಟೈರುಗಳ ಮೇಲಿನ ಅಂಕಿಗಳನ್ನು ಓದಿದೆವು.

ಹಳೆಯ ಟೈರಿನ ಮೇಲೆ 165/80 ಆರ್ 14 ಎಂದಿತ್ತು. ಟೈರಿನ ಅಗಲ 165 ಮಿಲಿಮೀಟರ್, ಅದರ ಪಕ್ಕದ ಎತ್ತರ ಅಗಲದ ನೂರಕ್ಕೆ 80 ಭಾಗ, ಒಳಗಿನ ಗಾಲಿ 14 ಇಂಚು ಎಂದು ಇದರ ಅರ್ಥ. ಕೂಡಿಸಿದರೆ ಪೂರ್ಣ ವ್ಯಾಸ ಸುಮಾರು 620 ಮಿಲಿಮೀಟರ್. ಹೊಸದರ ಮೇಲೆ 195/60 ಆರ್ 16. ವ್ಯಾಸ ಸುಮಾರು 640. ನೂರಕ್ಕೆ ಮೂರಕ್ಕೂ ತುಸು ಹೆಚ್ಚು! ಗಾಲಿ ದೊಡ್ಡದಾದರೆ ಎಂಜಿನ್ನಿನ ಅದೇ ತಿರುಚುಬಲವು ಅದೇ ಗೇರಿನಲ್ಲಿ ನೆಲವನ್ನು ಅಷ್ಟೇ ಪ್ರಮಾಣದಲ್ಲಿ ಕಡಿಮೆ ನೂಕುತ್ತದೆ. ಭಾರದಿಂದಾದ ನಷ್ಟಕ್ಕಿಂತ ಗಾತ್ರದಿಂದಾದ ನಷ್ಟವೇ ಒಂದು ಕೈ ಮೇಲು. ಅಗಲ ಟೈರು ಗಾಳಿಯ ತಡೆಯನ್ನೂ ಸಾಮಾನ್ಯವಾಗಿ ಉರುಳುವಾಗಿನ ತಡೆಯನ್ನೂ ಹೆಚ್ಚಿಸುವುದು ಇದರ ಮೇಲಿನ ಮಾತು. ಅಲ್ಲದೆ ವೇಗ ತೋರಿಸುವ ಮುಳ್ಳು ನಿಜಕ್ಕಿಂತ ಕಡಿಮೆ ಹೇಳತೊಡಗುತ್ತದೆ.

ಕಾರು ತಯಾರಕರು ಈ ವಿಷಯದಲ್ಲಿ ಜಾಗರೂಕರು. ಮಾರುತಿ ಸ್ವಿಫ್ಟ್ ಕಾರಿನ ಕೆಳ ಮಾದರಿಗಳಿಗೆ 165/80 ಆರ್ 14 ಟೈರುಗಳನ್ನೂ ಮೇಲಿನ ಮಾದರಿಗಳಿಗೆ 185/65 ಆರ್ 15 ಟೈರುಗಳನ್ನೂ ಕೊಟ್ಟಿರುವುದುಂಟು. ಗಾಲಿ ಒಂದು ಇಂಚು ದೊಡ್ಡದಾದರೂ ಟೈರಿನ ಪಕ್ಕದ ಎತ್ತರ ತಗ್ಗಿಸಿರುವುದರಿಂದ ಪೂರ್ಣ ವ್ಯಾಸದಲ್ಲಿ ಎರಡು ಮಿಲಿಮೀಟರಿನಷ್ಟೂ ಅಂತರವಿಲ್ಲ.

ಅರ್ಧ ಸೆಕೆಂಡಿನ ಬೆಲೆ

ಭಾರ, ಗಾತ್ರ ಎರಡೂ ಕೂಡಿ ನೂರಕ್ಕೆ ಐದಾರು ಭಾಗದಷ್ಟು ಚುರುಕು ತಗ್ಗಿತು. 40ರಿಂದ 80 ಕಿಲೋಮೀಟರ್ ವೇಗಕ್ಕೆ ಏರಲು ಮೊದಲು 10 ಸೆಕೆಂಡು ಸಾಕಾಗುತ್ತಿತ್ತು ಎಂದಿಟ್ಟುಕೊಂಡರೆ, ಈಗ ಅರ್ಧ ಸೆಕೆಂಡಾದರೂ ಹೆಚ್ಚು ಬೇಕು. ಅರ್ಧ ಸೆಕೆಂಡು ಎಷ್ಟರದು ಎನ್ನಬಾರದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಬರುವ ಬಸ್ಸು ಅಷ್ಟರಲ್ಲಿ 11 ಮೀಟರ್ ಹತ್ತಿರವಾಗುತ್ತದೆ. 60ರಲ್ಲಿ ಸಾಗುವ ನಾವು 8 ಮೀಟರ್ ಮುಂದೆ ಹೋಗಿರುತ್ತೇವೆ. ಮಗನ ಕಣ್ಣು ಹಳೆಯ ಗಾಲಿಗಳ ಅಂದಾಜಿನಲ್ಲಿಯೇ ಇತ್ತು. ಕಾರು ಮಾತ್ರ ಹೊಸ ಗಾಲಿಗಳ ಮೇಲಿತ್ತು. ಆ ದಿನ ಅವನು ಅಳುಕಿ ಹಿಂದೆ ಸರಿದದ್ದೇ ನಮ್ಮ ಪುಣ್ಯ.

ಇನ್ನೊಂದು ಮಾತು. ಗಾಲಿಯ ಭಾರವು ಸ್ಪ್ರಿಂಗಿನ ಕೆಳಗಿರುವ ಭಾರ. ತಗ್ಗು ದಿಣ್ಣೆಗಳ ರಸ್ತೆಯಲ್ಲಿ ಭಾರದ ಗಾಲಿ ಮೇಲೆ ಕೆಳಗೆ ಬೇಗನೆ ಹೊರಳಲಾರದೆ ಏಟನ್ನು ಒಳಗೆ ಕುಳಿತವರ ಬೆನ್ನಿಗೆ ದಾಟಿಸುತ್ತದೆ. ಟೈರಿನ ಪಕ್ಕದ ಎತ್ತರ ಕಡಿಮೆಯಾದಷ್ಟೂ ಗಾಲಿಯ ಅಂಚು ಬಾಗುವ, ಸೀಳುವ ಭಯವೂ ಹೆಚ್ಚು. ವೃದ್ಧರಿರುವ ಮನೆಯವರು ಇದನ್ನು ಅವಶ್ಯ ವಿಚಾರ ಮಾಡಬೇಕು.

ಹಾಗೆಂದು ಮಕ್ಕಳ ಆಸೆಗೆ ಅಡ್ಡ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಗಾಲಿ ಬದಲಿಸುವುದೇ ಆದರೆ ಕೊಳ್ಳುವ ಮುನ್ನ ತೂಗಿಸಿರಿ. ಪೂರ್ಣ ವ್ಯಾಸ ಮೊದಲಿನಷ್ಟೇ ಇರಲಿ. ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿಯೋ ಕಾರಿನ ಕೈಪಿಡಿಯಲ್ಲಿಯೋ ತಯಾರಕರು ಒಪ್ಪಿದ ಅಳತೆಗಳಿರುತ್ತವೆ, ಅವುಗಳನ್ನು ಮೀರದಿರಿ. ಹಗುರವೆಂಬ ಕಾರಣಕ್ಕೆ ಬಲವಿಲ್ಲದ ಟೈರನ್ನು ಆರಿಸುವುದೂ ತಪ್ಪು. ಟೈರಿನ ಅಳತೆಯ ಮುಂದೆ 85 ಎಂಬ ಅಂಕಿಯಿದ್ದರೆ ಅದು 515 ಕಿಲೋ ಭಾರ ಹೊರಬಲ್ಲದೆಂದು ಅರ್ಥ. ಮೊದಲಿದ್ದ ಅಂಕಿಗಿಂತ ಕೆಳಗಿನದು ಬೇಡ.

ನಮ್ಮ ಮಗನಿಗೆ ನಾವು ಏನನ್ನೂ ಹೇಳಲಿಲ್ಲ. ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟೆವು, ಅಷ್ಟೆ. ಮೂರನೆಯ ದಿನ ಹಳೆಯ ಗಾಲಿಗಳು ಕಾರಿಗೆ ಮರಳಿದವು. ಹೊಸವುಗಳನ್ನು ಮಾರಿದಾಗ ಅರ್ಧ ಹಣವೂ ಬರಲಿಲ್ಲ. ಮುಂದಿನ ಸಲ ಊರಿಗೆ ಹೊರಟಾಗ ಮತ್ತೊಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಮಗನು ಅವಸರಿಸಲಿಲ್ಲ, ರಸ್ತೆ ಪೂರ್ತಿ ತೆರವಾಗುವವರೆಗೆ ಕಾದು, ಆಮೇಲೆ ಸಲೀಸಾಗಿ ಮುಂದೆ ಸಾಗಿದನು. ಹಿಂದಿನ ಆಸನದಲ್ಲಿ ಅವನ ತಾಯಿ ನಿದ್ದೆ ಹೋಗಿದ್ದರು.