ಕಬ್ಬಿನ ಗಾಡಿಗಳ ನಡುವೆ ಮೋಟಾರು ಸೈಕಲ್ಲು

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳ ಚಹರೆಯೇ ಬೇರೆ. ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಸಾಗುತ್ತವೆ. ಅವುಗಳ ಹಿಂದೆ ಮೋಟಾರು ಸೈಕಲ್ಲಿನ ಮೇಲೆ ನೀವು, ಎದುರಿನಿಂದ ಬಸ್ಸು. ನಡುವೆ ಒಂದು ಸಂದು ಕಾಣುತ್ತದೆ. ‘ನನ್ನದು ಸಣ್ಣ ಗಾಡಿ, ನುಸುಳಿ ಹೋದೇನು’ ಎಂದು ತೋರುವುದು ಸಹಜ. ಆದರೆ ಆ ಸಂದು ನಿಜವಾಗಿಯೂ ದಾರಿಯೇ? ಲೆಕ್ಕ ಹಾಕಿ ನೋಡೋಣ.

ಟ್ರ್ಯಾಕ್ಟರು ಗಂಟೆಗೆ 20 ಕಿಲೋಮೀಟರಿನಂತೆ, ನೀವು 40ರಂತೆ ಹೋಗುತ್ತಿದ್ದೀರಿ ಎನ್ನಿ. ಟ್ರೇಲರುಗಳ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ 30 ಮೀಟರು ಹಿಡಿಯೋಣ. ದಾಟಲು ಸುಮಾರು ಐದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ನೀವು 60 ಮೀಟರು ಮುಂದೆ ಹೋಗಿರುತ್ತೀರಿ. 60ರ ವೇಗದ ಬಸ್ಸು 90 ಮೀಟರು ಸಮೀಪಿಸಿರುತ್ತದೆ. ಎಂದರೆ 150 ಮೀಟರು ತೆರವಿದ್ದರೂ ಕೊನೆಗೆ ಮುಖಾಮುಖಿಯೇ! ಅದರ ಇಮ್ಮಡಿ ದೂರ ತೆರವಾಗಿ ಕಾಣದಿದ್ದರೆ ಹಿಂದೆಯೇ ಉಳಿಯಿರಿ.

ಇನ್ನೊಂದು ಮಾತು. ಸಂದಿನ ಅಗಲ ಒಂದೇ ಸಮನೆ ಇರುವುದಿಲ್ಲ. ತಗ್ಗು ಬಂದಾಗ ಟ್ರೇಲರು ಓಲಾಡುತ್ತದೆ. ಕಬ್ಬಿನ ಗಳ ಹೊರಚಾಚಿರುತ್ತದೆ. ತಿರುವಿನಲ್ಲಿ ಹಿಂದಿನ ಟ್ರೇಲರು ಒಳಮಗ್ಗುಲಿಗೆ ಸರಿಯುತ್ತದೆ. ಹೇರಿನ ಮರೆಯಲ್ಲಿರುವ ನೀವು ಚಾಲಕನಿಗೆ ಕಾಣುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ನಿಮ್ಮ ಹಾರನ್ನು ಕೇಳಿಸುವುದೂ ಇಲ್ಲ. ಎಡಗಡೆಯಿಂದ ನುಸುಳುವುದಂತೂ ಬೇಡವೇ ಬೇಡ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಹನಗಳ ಸಾಲುಗಳ ನಡುವೆ ಮೋಟಾರು ಸೈಕಲ್ಲು ಓಡಿಸುವುದನ್ನು 2016ರ ಶಾಸನವು ಮನ್ನಿಸಿದೆ. ಆದರೆ ಅಲ್ಲಿಯ ಸಾಲುಗಳು ಒಂದೇ ದಿಕ್ಕಿಗೆ ಹರಿಯುವಂಥವು. ಅಲ್ಲಿಯೂ, ಅಕ್ಕಪಕ್ಕದ ವಾಹನಗಳಿಗಿಂತ ಸವಾರನ ವೇಗ ಬಹಳ ಹೆಚ್ಚಾದರೆ ಅಪಾಯವೂ ಹೆಚ್ಚೆಂದು 2015ರ ಒಂದು ಅಧ್ಯಯನ ತೋರಿಸಿತು. ನಮ್ಮ ಸಂದಿನಲ್ಲಾದರೋ ಒಂದು ಮಗ್ಗುಲು ಎದುರಿಗೇ ಬರುತ್ತಿರುತ್ತದೆ.

ಪೇಟೆಯಲ್ಲಿ ವಾಹನಗಳು ನಿಂತಿರುವಾಗ ಮುಂದಕ್ಕೆ ಸರಿಯಬೇಕಾದರೆ ನಡಿಗೆಯ ವೇಗ ಸಾಕು. ಬೆರಳು ಬ್ರೇಕಿನ ಮೇಲಿರಲಿ. ಬಾಗಿಲು ತೆರೆದೀತು, ಮಗುವೊಂದು ಅಡ್ಡ ಬಂದೀತು. ರಾತ್ರಿ ಹಿಂದೀಪವಿಲ್ಲದ ಟ್ರೇಲರೂ ಎದುರಾದೀತು; ನಿಮ್ಮ ದೀಪದ ಬೆಳಕಿನೊಳಗೆ ನಿಲ್ಲಿಸಬಲ್ಲಷ್ಟೇ ವೇಗವಿರಲಿ. ಹೆಲ್ಮೆಟ್ಟು ಸವಾರನಿಗೂ ಹಿಂದೆ ಕೂತವರಿಗೂ ಕಡ್ಡಾಯವೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ಟು ಬಿದ್ದಾಗ ತಲೆಯ ಮೇಲೆ ಉಳಿಯುವುದಿಲ್ಲ.

ಮನೆಯವರಿಗೂ ಒಂದು ಬಿನ್ನಹ. ಹಂಗಾಮಿನ ದಿನಗಳಲ್ಲಿ ಮಗ ಅರ್ಧ ಗಂಟೆ ತಡವಾಗಿ ಬಂದರೆ ಗದರಬೇಡಿ. ‘ಎಲ್ಲಿದ್ದೀ, ಬೇಗ ಬಾ’ ಎಂದು ದಾರಿಯಲ್ಲಿರುವವನಿಗೆ ಫೋನು ಮಾಡಲೂ ಬೇಡಿ. ಕಬ್ಬಿನ ಗಾಡಿಯ ಹಿಂದೆ ತಾಳ್ಮೆಯಿಂದ ಬಂದವನು ಅವನು. ಅವನ ಊಟ ಬಿಸಿಯಾಗಿರಲಿ, ಅಷ್ಟು ಸಾಕು.