ನ್ಯುಮೋನಿಯಾ ರೋಗನಿರ್ಣಯ: ಪ್ರಯೋಗಶಾಲೆಯ ಕ್ರಮಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಸೂಕ್ಷ್ಮದರ್ಶಕವು ಅಪರಿಚಿತವಾದುದಲ್ಲ. ತಾಯಿಚಿಟ್ಟೆಯನ್ನು ಅರೆದು, ಗಂಟುರೋಗದ ಕಣಗಳಿಲ್ಲವೆಂದು ಕಂಡ ಮೇಲೆಯೇ ಅದರ ಮೊಟ್ಟೆಗಳನ್ನು ಸಾಕಣೆಗೆ ಕೊಡುವ ಕ್ರಮವನ್ನು 1860ರ ದಶಕದಲ್ಲಿ ರೂಪಿಸಿದವನು ಲೂಯಿ ಪಾಸ್ಚರ್. 1881ರಲ್ಲಿ ಆತನೇ, ಹುಚ್ಚುನಾಯಿ ರೋಗದಿಂದ ಮಡಿದ ಮಗುವೊಂದರ ಜೊಲ್ಲಿನಲ್ಲಿ ಹೊಸ ರೋಗಾಣುವೊಂದನ್ನು ಕಂಡನು. ಅದೇ ವರ್ಷ ಅಮೆರಿಕದ ಸ್ಟರ್ನ್‌ಬರ್ಗ್ ಅದನ್ನು ತನ್ನ ಜೊಲ್ಲಿನಲ್ಲಿಯೇ ಕಂಡನು. ನ್ಯುಮೋನಿಯಾದ ಮುಖ್ಯ ಕಾರಣವಾದ ನ್ಯುಮೊಕಾಕಸ್ ಅದೇ.

ಚಿಟ್ಟೆಯಲ್ಲಿ ಕಣ ಕಂಡರೆ ರೋಗವಿದೆಯೆಂದೇ ಅರ್ಥ. ಮನುಷ್ಯನ ವಿಷಯ ಹಾಗಲ್ಲ. ನ್ಯುಮೊಕಾಕಸ್ ಆರೋಗ್ಯವಂತರ ಗಂಟಲಿನಲ್ಲಿಯೂ ವಾಸಿಸಬಲ್ಲದು. ಆದುದರಿಂದ ರೋಗಾಣು ದೊರೆಯಿತೆಂಬುದಕ್ಕಿಂತ ಎಲ್ಲಿಂದ ದೊರೆಯಿತೆಂಬುದೇ ಮುಖ್ಯ.

ರೋಗಿಯು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಕಫವನ್ನು ಕೊಡಬೇಕು. ಅದರ ಲೇಪವನ್ನು ನೂರುಪಟ್ಟು ಹಿಗ್ಗಿಸಿ ನೋಡಿದಾಗ ಒಂದು ನೋಟಕ್ಷೇತ್ರದಲ್ಲಿ ಬಾಯಿಯ ಪೊರೆಯ ಕೋಶಗಳು 10ಕ್ಕಿಂತ ಕಡಿಮೆಯಾಗಿಯೂ, ಕೀವುಕೋಶಗಳು 25ಕ್ಕಿಂತ ಹೆಚ್ಚಾಗಿಯೂ ಇದ್ದರೆ ಮಾದರಿ ಯೋಗ್ಯ. ಬಾಯಿಯ ಕೋಶಗಳೇ ತುಂಬಿದ್ದರೆ ಅದು ಬರಿಯ ಎಂಜಲು. ಬಳಿಕ ಗ್ರಾಮ್ ವರ್ಣಲೇಪನ. 1884ರಲ್ಲಿ ಪ್ರಕಟವಾದ ಈ ವಿಧಾನವನ್ನು ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದುದು ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶಗಳನ್ನು ಪರೀಕ್ಷಿಸುವಾಗಲೇ. ಈ ಲೇಪನದಲ್ಲಿ ನ್ಯುಮೊಕಾಕಸ್ ನೇರಳೆ ಬಣ್ಣದ ಜೋಡಿ ಬಿಂದುಗಳಾಗಿಯೂ, ಕ್ಲೆಬ್ಸಿಯೆಲ್ಲಾ ಕೆಂಪು ಸರಳುಗಳಾಗಿಯೂ ಕಾಣುತ್ತವೆ.

ಕಫವನ್ನು ಶೇಕಡ 5ರಷ್ಟು ಕುರಿಯ ರಕ್ತ ಬೆರೆಸಿದ ಅಗಾರಿನ ಮೇಲೆ ಹಚ್ಚಿ, ಇಂಗಾಲಾಮ್ಲವಿರುವ ಗಾಳಿಯಲ್ಲಿ, 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಇಡುತ್ತಾರೆ. ನ್ಯುಮೊಕಾಕಸ್ ಬೆಳೆದಲ್ಲಿ ಸುತ್ತಲೂ ಹಸಿರು ಛಾಯೆ ಮೂಡುತ್ತದೆ. ಬಾಯಿಯ ಕೆಲವು ನಿರುಪದ್ರವಿ ಜೀವಿಗಳೂ ಹಾಗೆಯೇ ಬೆಳೆಯುವುದರಿಂದ ಆಪ್ಟೋಚಿನ್ ಬಿಲ್ಲೆಯನ್ನಿಟ್ಟು ನೋಡಬೇಕು. 6 ಮಿ.ಮೀ. ಬಿಲ್ಲೆಯ ಸುತ್ತ 14 ಮಿ.ಮೀ. ಅಥವಾ ಹೆಚ್ಚು ವ್ಯಾಸದಲ್ಲಿ ಬೆಳವಣಿಗೆ ನಿಂತರೆ ಅದು ನ್ಯುಮೊಕಾಕಸ್. ಸಂಶಯವಿದ್ದಲ್ಲಿ ಪಿತ್ತಲವಣದಲ್ಲಿ ಕರಗುವುದೇ ಎಂದು ಪರೀಕ್ಷಿಸುತ್ತಾರೆ.

ರಕ್ತದಲ್ಲಿ ಸಹಜವಾಗಿ ರೋಗಾಣುಗಳಿರುವುದಿಲ್ಲ. ಆದುದರಿಂದ ಅಲ್ಲಿ ನ್ಯುಮೊಕಾಕಸ್ ಬೆಳೆದರೆ ಸಾಕ್ಷ್ಯ ಪ್ರಬಲ. ಆದರೆ ರೋಗವಿದ್ದೂ ಅನೇಕರ ರಕ್ತದಲ್ಲಿ ಅದು ಬೆಳೆಯದು. ಮೊದಲೇ ಪ್ರತಿಜೀವಕ ಸೇವಿಸಿದ್ದರಂತೂ ಇನ್ನೂ ವಿರಳ. ಮೂತ್ರದ ಪರೀಕ್ಷೆಯ ಉತ್ತರ ಬೇಗ ದೊರೆಯುತ್ತದೆ. ಆದರೆ ಗಂಟಲಿನಲ್ಲಿ ಈ ರೋಗಾಣುವುಳ್ಳ ಆರೋಗ್ಯವಂತ ಮಗುವಿನಲ್ಲಿಯೂ ಅದು ರೋಗವನ್ನು ಸೂಚಿಸಬಹುದು.

ಈ ಊರುಗಳಿಂದ ಬೆಂಗಳೂರಿಗೆ ಸುಮಾರು 50ರಿಂದ 60 ಕಿ.ಮೀ. ದೂರ. ಕಫವು ಎರಡು ಗಂಟೆಯೊಳಗೆ ಪ್ರಯೋಗಶಾಲೆ ಸೇರಬೇಕು. ತಡವಾದರೆ ನ್ಯುಮೊಕಾಕಸ್ ತಾನಾಗಿಯೇ ಕರಗಿ ಸಾಯುತ್ತದೆ, ಬಾಯಿಯ ಜೀವಿಗಳು ಮೇಲುಗೈ ಪಡೆಯುತ್ತವೆ. ಆದುದರಿಂದ ಸಮೀಪದಲ್ಲಿಯೇ ಲೇಪ ಮಾಡುವುದೂ, ಔಷಧದ ಮೊದಲ ಪ್ರಮಾಣಕ್ಕೆ ಮುನ್ನವೇ ರಕ್ತ ತೆಗೆಯುವುದೂ ಹಿತ. ಆದರೆ ಉಸಿರು ಕಟ್ಟುತ್ತಿರುವ ರೋಗಿಯ ಚಿಕಿತ್ಸೆಯನ್ನು ವರದಿಗಾಗಿ ತಡೆಯಲಾಗದು. ರೋಗಾಣು ಕಾಣಲಿಲ್ಲವೆಂಬ ವರದಿಯು ರೋಗವಿಲ್ಲವೆಂಬ ತೀರ್ಪೂ ಅಲ್ಲ.